ಸೂರನ ಹಡಗಿಗೆ ಅಮ್ಮಣ್ಣಿ ಒಯ್ದ ಕಾಯಿ

ಬಿಜೂರಿನ ಅಮ್ಮಣ್ಣಿಯ ಮನೆ ಚಾವಡಿಯಲ್ಲಿ ಒಂದು ಫೋಟೋ ಇದೆ. ಬಿಳಿ ಅಂಗಿ, ಬಿಳಿ ಪ್ಯಾಂಟು, ತಲೆಗೆ ದುಂಡನೆಯ ಬಿಳಿ ಟೊಪ್ಪಿ. ಪಕ್ಕದ ಮನೆಯ ಹುಡುಗ, ಅಂದರೆ ಇದನ್ನು ಬರೆಯುತ್ತಿರುವ ಗಿರಾಕಿ, ಅದು ಮುಂಬೈಯ ಯಾವುದೋ ದೊಡ್ಡ ಹೋಟೆಲಿನ ಸಪ್ಲಾಯರನ ಫೋಟೋ ಎಂದೇ ಏಳನೇ ಕ್ಲಾಸಿನವರೆಗೆ ನಂಬಿದ್ದ. ನಮ್ಮ ಕಡೆಯ ಗಂಡಸೊಬ್ಬ ಇಸ್ತ್ರಿ ಹಾಕಿದ ಬಿಳಿ ಬಟ್ಟೆ ತೊಟ್ಟು ಪರವೂರಲ್ಲಿದ್ದಾನೆ ಎಂದರೆ ಅವನ ತಲೆಗೆ ಬೇರೇನೂ ಹೊಳೆಯಲಿಲ್ಲ. ಒಂದು ದಿನ ಬಾಯಿಬಿಟ್ಟು ಕೇಳಿಯೂ ಬಿಟ್ಟ.

"ಅಮ್ಮಣ್ಣಿಯಕ್ಕ, ನಾನ್ ಎಸ್ಸೆಲ್ಸಿ ಫೇಲ್ ಆರೆ ನಿಮ್ಮಣ್ಣ ಅವ್ರ್ ಇಪ್ಪಲ್ಲಿ ಒಂದ್ ಕೆಲ್ಸ ಕೊಡ್ಸುರಾ?"

ಅಮ್ಮಣ್ಣಿ ಸೌತೆಕಾಯಿ ಹೆಚ್ಚುವುದನ್ನು ನಿಲ್ಲಿಸಲೇ ಇಲ್ಲ. "ಅಂವ ಇಪ್ಪಲ್ಲಿಗ್ ನೀ ಹೋಪುದ್ ಬ್ಯಾಡ ಮಗಾ."

ಹುಡುಗ ಫೇಲಂತೂ ಆಗಲಿಲ್ಲ. ಆದರೂ ಈಗ ಕುಂದಾಪುರದ ಹೋಟೆಲೊಂದರಲ್ಲಿ ಬಿಳಿ ಅಂಗಿ ತೊಟ್ಟು ಬಿಲ್ಲು ಹರಿಯುತ್ತಾನೆ. ಅವನ ಸುದ್ದಿ ಇಷ್ಟು ಸಾಕು.

ಫೋಟೋದಲ್ಲಿದ್ದವನು ಸೂರ, ಅಮ್ಮಣ್ಣಿಯ ಅಣ್ಣ, ನೌಕಾಪಡೆಯ ನಾವಿಕ. ಕೊನೆಯ ರಜೆಯಲ್ಲಿ ಬಂದಾಗ ತನ್ನ ಹಡಗಿನ ಬಗ್ಗೆ ಅವನು ಹೇಳಿದ್ದು ಎರಡೇ ಸಂಗತಿ. ಪಕ್ಕದಲ್ಲಿ ಮಲಗುವವನು ಗೊರಕೆ ಹೊಡೆಯುತ್ತಾನೆ. ಹಡಗನ್ನು ನೀರಿಗಿಳಿಸಿದ ದಿನ ಕಾಯಿ ಒಂದೇ ಪೆಟ್ಟಿಗೆ ಒಡೆಯಿತು, ಒಂದು ಹೋಳು ತನಗೂ ಸಿಕ್ಕಿತು. ಆಮೇಲೆ ಯುದ್ಧ ಬಂತು, ಹಡಗು ಮುಳುಗಿತು, ಹೆಣ ಬರಲಿಲ್ಲ. ಅಪ್ಪಯ್ಯ ಚಾವಡಿಯಲ್ಲಿ ಬರೀ ಚಾಪೆ ಹಾಸಿ, ಹೆಣಕ್ಕೆ ಇಡುವ ಹಾಗೆ ತಲೆಯ ಕಡೆಗೊಂದು ಕಾಲ ಕಡೆಗೊಂದು ಕಡಿದ ಕಾಯಿಯ ಹೋಳು ಇಟ್ಟು ದೀಪ ಹಚ್ಚಿದರು. ಆ ಖಾಲಿ ಚಾಪೆಯ ಪಕ್ಕದಲ್ಲಿ ಅಮ್ಮಣ್ಣಿ ರಾತ್ರಿಯಿಡೀ ಕೂತಿದ್ದಳು. ಆಗ ಅವಳಿಗೆ ಹದಿನೇಳು.

ಐವತ್ತು ವರ್ಷಕ್ಕೂ ಮೇಲೆ ಸೂರನ ನೆನಪು ಆ ಮನೆಯ ಹೊರಗೆ ಯಾರಿಗೂ ಆಗಲಿಲ್ಲ. ಕಳೆದ ವರ್ಷ ನೌಕಾಪಡೆಗೆ ಆಯಿತು. ಬ್ರಹ್ಮಾವರದ ಆಚೆ ಹೊಳೆಬಾಯಿಯ ಯಾರ್ಡೊಂದರಲ್ಲಿ ಕಟ್ಟಿದ ಗಸ್ತು ಹಡಗಿಗೆ ಅವನ ಹೆಸರಿಡುವುದೆಂದೂ, ಹೆಸರಿಟ್ಟು ಕಾಯಿ ಒಡೆಯಲು ತಂಗಿ ಬರಬೇಕೆಂದೂ ಅಮ್ಮಣ್ಣಿಗೆ ಫೋನು ಬಂತು. ಸುದ್ದಿ ಊರಲ್ಲಿ ಹರಡಿದ ಮರುದಿನವೇ ಒಂದು ಸಮಿತಿ ಹುಟ್ಟಿತು. ಅಧ್ಯಕ್ಷ ಯಡ್ತರೆಯ ದುಗ್ಗಪ್ಪ, ಪುಣೆಯಲ್ಲಿ ಹೋಟೆಲು ನಡೆಸಿ ದಪ್ಪಗಾಗಿ ಊರಿಗೆ ಮರಳಿದವನು. "ನಾನೂ ಸೂರನೂ ಒಂದೇ ಬೆಂಚ್" ಎಂದು ಮೈಕಿನಲ್ಲಿ ಹೇಳಿಕೊಂಡು ತಿರುಗಿದ. ಒಂದೇ ಬೆಂಚು ಹೌದು. ಸೂರ ನೇವಿಗೆ ಸೇರಿದಾಗ "ಉಂಬುಕ್ ಗತಿ ಇಲ್ದೆ ಹೋದ" ಎಂದು ಶಾಲೆಯ ಹಿಂದೆ ನಿಂತು ನಕ್ಕವನೂ ಅವನೇ. ಅಮ್ಮಣ್ಣಿ ಅದನ್ನು ಮರೆತಿರಲಿಲ್ಲ, ಅವನಿಗೆ ನೆನಪಿಸುವ ಮರ್ಯಾದೆಯನ್ನೂ ಕೊಡಲಿಲ್ಲ.

ಹೆದ್ದಾರಿಯುದ್ದಕ್ಕೂ ಫ್ಲೆಕ್ಸು ಎದ್ದವು. ಸೂರನ ಬೆನ್ನ ಹಿಂದೆ ಒಂದು ಭಾರೀ ಯುದ್ಧನೌಕೆ, ಅದರ ಮೇಲೆ ಸಾಲು ಸಾಲು ವಿಮಾನ, ತುದಿಯಲ್ಲಿ ಅಮೆರಿಕದ ಬಾವುಟ, ಕೆಳಗೆ ಸೂರನಿಗಿಂತ ದೊಡ್ಡದಾಗಿ ದುಗ್ಗಪ್ಪನ ಮುಖ.

"ಅಜ್ಜಿ, ಅದ್ ನಮ್ ದೇಶದ್ದ್ ಅಲ್ಲ" ಎಂದಳು ಮೊಮ್ಮಗಳು ಶ್ರಾವ್ಯ, ಯಾರ್ಡಿಗೆ ಹೊರಟ ಕಾರಿನ ಕಿಟಕಿಯಿಂದ ಇಣುಕಿ.

"ದುಗ್ಗಪ್ಪಂಗೆ ದೇಶ ಯಾವ್ದಾರ್ ಎಂತ ಹೆಣ್ಣೆ? ಮೋರೆ ಕಂಡ್ರ್ ಸಾಕ್."

ಅಮ್ಮಣ್ಣಿಯ ಮಡಿಲ ಚೀಲದಲ್ಲಿ ಮನೆಯ ಹಿತ್ತಲಿನ ಕಾಯಿಯೊಂದಿತ್ತು. ಅದು ಸೂರ ನೆಟ್ಟ ಮರದ್ದೆಂದು ಬರೆದರೆ ಚೆನ್ನಾಗಿರುತ್ತಿತ್ತು. ಸೂರ ನೆಟ್ಟ ಸಸಿ ಎರಡನೇ ವರ್ಷವೇ ಸತ್ತಿತ್ತು. ತೋಟದ ಕೆಲಸ ಅವನ ಕೈಗೆ ಒಗ್ಗುತ್ತಿರಲಿಲ್ಲ. ಇದು ಯಾವುದೋ ಒಂದು ಮರದ್ದು. ಒಬ್ಬರ ಮನೆ ಕಾರ್ಯಕ್ಕೆ ಬರಿಗೈಲಿ ಹೋಗಬಾರದಲ್ಲ, ಅಣ್ಣನದ್ದಾದರೂ.

ಯಾರ್ಡಿನಲ್ಲಿ ಹಡಗು ಬೂದು ಬಣ್ಣ ಹೊಡೆಸಿಕೊಂಡು, ಮೂತಿಯ ಮೇಲೆ 'ಸೂರಪ್ಪ' ಎಂದು ಬರೆಸಿಕೊಂಡು ನಿಂತಿತ್ತು. ಅಮ್ಮಣ್ಣಿ ಅದನ್ನು ಬುಡದಿಂದ ತುದಿಯವರೆಗೆ ನೋಡಿದಳು. "ಇಷ್ಟ್ ದೊಡ್ಡಕೆ ಅಂವ ಇರ್ಲಿಲ್ಲ" ಎಂದಳು. ಕಣ್ಣು ಒರೆಸಿಕೊಂಡದ್ದನ್ನು ಶ್ರಾವ್ಯ ಮಾತ್ರ ಕಂಡಳು.

ದುಗ್ಗಪ್ಪ ಬೆಳ್ಳಿತಟ್ಟೆ ಹಿಡಿದು ಓಡಿಬಂದ. ತಟ್ಟೆಯಲ್ಲಿ ರಿಬ್ಬನು ಸುತ್ತಿ, ಮೈಗೆಲ್ಲ ಅರಿಶಿನ ಮೆತ್ತಿದ ಕಾಯಿ. ಅಮ್ಮಣ್ಣಿ ಅದನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಳು.

"ನೀರಿಲ್ಲೆ ಇದ್ರ್ ಒಳ್ಗೆ."

"ಅದ್ ಎಂತ ಅಂದ್ರೆ ಅಮ್ಮಣ್ಣಿ," ದುಗ್ಗಪ್ಪ ದನಿ ತಗ್ಗಿಸಿದ, "ಗರಗಸ ಹಾಕಿ ಅರ್ಧ ಕೊಯ್ಸಿತ್ತ್. ಟೀವಿಯವ್ರ್ ಇದ್ರಲೆ, ಒಂದೇ ಪೆಟ್ಟಿಗೆ ಒಡೀಕ್. ಯಾರಿಗೂ ಗೊತ್ತಾತ್ತಿಲ್ಲೆ."

ಅಮ್ಮಣ್ಣಿ ಉಗುರಿನಿಂದ ಅರಿಶಿನ ಕೆರೆದಳು. ಕೆಳಗೆ ಗರಗಸದ ಗೆರೆ ಸುತ್ತಲೂ ಇತ್ತು.

"ಕಡ್ದ್ ಕಾಯಿ ಎಲ್ಲಿ ಇಡ್ತ್ರ್, ಗೊತ್ತಿತ್ತಾ ನಿಂಗೆ?"

"ಹಳೇ ಕಾಲದ್ ಮಾತ್ ಬಿಡ್..."

"ಹೆಣದ್ ತಲಿ ಹತ್ರ. ನಮ್ಮನಿ ಚಾವಡಿಯಲ್ ಒಂದ್ಸಲ ಇಟ್ಟಾಯ್ತ್. ಇನ್ನೊಂದ್ಸಲ ಇಡುದಿಲ್ಲ ನಾನ್." ತಟ್ಟೆಗೆ ಕುಕ್ಕಿದಳು. "ನಾನ್ ತಂದದ್ದ್ ಒಡಿತೆ."

ದುಗ್ಗಪ್ಪನ ಮುಖದ ಸಿಹಿ ಇಳಿಯಿತು. "ಅದ್ ಒಡ್ದಿಲ್ದಿರೆ ಮರ್ಯಾದಿ ಹೋಪುದ್ ಸಮಿತಿದ್. ನಿಂಗೆ ಆತ್ತಿಲ್ಲೆ ಅಂದ್ರೆ ಹೇಳ್, ನಮ್ ವಿನಯಾ ಒಡಿತ್ಲ್."

ಅವನ ಹೆಂಡತಿ ವಿನಯಾ ಆಗಲೇ ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದು ಹೆಜ್ಜೆ ಮುಂದೆ ಬಂದಿದ್ದಳು. ಸೂರನನ್ನು ಕಣ್ಣಿಂದ ಕಂಡವಳಲ್ಲ. ಕ್ಯಾಮೆರಾ ಎಲ್ಲಿದೆ ಎಂದು ಮಾತ್ರ ಸರಿಯಾಗಿ ಕಂಡುಕೊಂಡಿದ್ದಳು. ದುಗ್ಗಪ್ಪ ತಟ್ಟೆಯನ್ನು ಅವಳ ಕಡೆಗೆ ಚಾಚಿದ. ಇನ್ನು ನಿಂತರೆ ಅಣ್ಣನ ಹೆಸರಿಗೆ ಹೆಣದ ಕಾಯಿ ಬೀಳುವುದು ಖಂಡಿತ ಎಂದು ಅಮ್ಮಣ್ಣಿಗೆ ಗೊತ್ತಾಯಿತು.

"ಹ್ವಾಯ್, ಬದಿಗ್ ನಿಲ್ಲಿ!" ಎಂದವಳೇ ಚೀಲದಿಂದ ಕಾಯಿ ತೆಗೆದಳು. ಮಂತ್ರಕ್ಕೂ ಬ್ಯಾಂಡಿಗೂ ಕಾಯಲಿಲ್ಲ. "ಸೂರಾ, ಹೋಯ್ ಬಾ" ಎಂದು ಹಡಗಿನ ಮೈಗೆ ಬೀಸಿ ಹೊಡೆದಳು.

ಠಣ್ ಎಂದಿತು. ಕಾಯಿ ಒಡೆಯಲಿಲ್ಲ, ಚೆಂಡಿನ ಹಾಗೆ ಪುಟಿದು ದುಗ್ಗಪ್ಪನ ಕಾಲ ಬುಡಕ್ಕೇ ಬಂತು. ಅವನು ಹಾರಿದ ಹಾರು ಈಗಲೂ ಊರವರ ಮೊಬೈಲುಗಳಲ್ಲಿದೆ. ಅಮ್ಮಣ್ಣಿ ಸೆರಗು ಬಿಗಿದು ಮತ್ತೆ ಎತ್ತಿ ಹೊಡೆದಳು. ಕಾಯಿ ಹಡಗಿನ ಮೂತಿಗೆ ತಾಗಿ, ಬಣ್ಣ ಒಂದಿಷ್ಟು ಕಿತ್ತು, ಮೇಲಿಂದ ಹಾರಿ ಹೊಳೆಗೆ ಬಿತ್ತು. ಮುಳುಗಲಿಲ್ಲ. ಇಡಿಯಾಗಿಯೇ ತೇಲುತ್ತ ಇಳಿತದ ನೀರಿನೊಂದಿಗೆ ಸಮುದ್ರದ ಕಡೆ ಹೊರಟಿತು.

"ಆಯ್ತ್ ಕಾಣಿ, ಹಾಳಾಯ್ತ್!" ಎಂದು ದುಗ್ಗಪ್ಪ ಹಣೆ ಬಡಿದುಕೊಂಡು, ಗರಗಸದ ಕಾಯಿ ಹಿಡಿದು ನೌಕಾಪಡೆಯ ಅಧಿಕಾರಿಯ ಬಳಿಗೆ ಓಡಿದ. ಇದನ್ನಾದರೂ ಒಡೆಸಿ, ಇಲ್ಲದಿದ್ದರೆ ಅನಿಷ್ಟ ಎಂದು ಮುರುಕು ಹಿಂದಿಯಲ್ಲಿ ಗೋಗರೆದ. ಅಧಿಕಾರಿ ಅವನನ್ನೂ ನೋಡಿದರು, ತಟ್ಟೆಯನ್ನೂ ನೋಡಿದರು. ಆಮೇಲೆ ಅಮ್ಮಣ್ಣಿಗೆ ಸೆಲ್ಯೂಟ್ ಹೊಡೆದು ಕೆಲಸದವರಿಗೆ ಕೈಬೀಸಿದರು. ಹಡಗು ಜಾರಿತು, ನೀರಿಗಿಳಿಯಿತು, ಒಮ್ಮೆ ತೂಗಾಡಿ ನೆಟ್ಟಗೆ ನಿಂತಿತು. ಸಮಿತಿಯವರು ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಅಧ್ಯಕ್ಷರ ಮುಖ ನೋಡಿದರು.

ಅಷ್ಟರಲ್ಲಿ ಟೀವಿಯ ಹುಡುಗನೊಬ್ಬ ನುಗ್ಗಿ ಮೈಕನ್ನು ಅಮ್ಮಣ್ಣಿಯ ಬಾಯಿಗೆ ಹಿಡಿದ.

"ಅಜ್ಜಿ, ನಿಮ್ಮಣ್ಣನ ಹೆಸರಿನ ಹಡಗು, ನೀವೇ ಹೊಡೆದರೂ ಕಾಯಿ ಒಡೀಲಿಲ್ಲ. ಇದು ಅಪಶಕುನ ಅನ್ಸಲ್ವಾ?"

ಅಮ್ಮಣ್ಣಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು.

"ಅಂವ ಹೋದ್ ಹಡಗಿಗೆ ಒಂದೇ ಪೆಟ್ಟಿಗ್ ಒಡ್ದಿತ್ತ್ ಮಗಾ. ವಾಪಸ್ ಬಂತಾ ಅದ್?"