ಎಂಟು ಕುದಿ ತಡೆಯುವ ಕೆಂಪು

ತಪ್ಪು ನನ್ನದೇ. ಪಟಿಕ ಹಾಕಿ ಅದ್ದಿದ ಅಲಿಝರಿನ್ ಕೆಂಪು ಎಂಟು ಸಲ ಕುದಿಸಿದರೂ ಬಿಡದು ಎಂದು ಎರಡು ವಾರದ ಹಿಂದೆ ಇದೇ ಅಂಕಣದಲ್ಲಿ ಬರೆದೆ. ನಾನೆಷ್ಟು ಸಲ ಕುದಿಸಿ ನೋಡಿದ್ದೆ? ಒಂದು ಸಲವೂ ಇಲ್ಲ! (ನಾನು ಕುದಿಸುವುದು ಕಾಫಿ ಮಾತ್ರ. ಅದೂ ಉಕ್ಕಿ ಒಲೆಗೆ ಹೋಗುತ್ತದೆ.)

ಬಣ್ಣ ಹಾಕುವ ಬಗ್ಗೆ ಮೂರು ಪುಸ್ತಕ ನೋಡಿದ್ದೆ. ಮೂರೂ ಎಂಟು ಎಂದಿದ್ದವು. ಇನ್ನೇನು ಬೇಕು?

ಸೇಲಂನ ನಮ್ಮ ಬೀದಿಯಲ್ಲಿ ನನ್ನನ್ನು ನಂಬುವವರೂ ಇದ್ದಾರೆಂದು ಯಾರಿಗೆ ಗೊತ್ತು! ಎದುರುಮನೆಯ ಚೌಡಮ್ಮತ್ತೆ ನಂಬಿಬಿಟ್ಟರು. ಮಗಳು ರಾಜಿಯ ಧಾರೆ ಸೀರೆಗೆ ಅದೇ ಬಣ್ಣದಲ್ಲಿ ನೂಲು ಅದ್ದಿದರು. ಬಿಳಿ ಒಡಲು, ಕೆಂಪು ಅಂಚು. ಕೆಂಪು ಬಿಟ್ಟು ಬಿಳಿಗೆ ಹತ್ತಿದರೆ ಸೀರೆಯೇ ಹಾಳು. ಇನ್ನೊಂದು ನೇಯುವಷ್ಟು ದಿನ ಮದುವೆಗೆ ಉಳಿದಿರಲಿಲ್ಲ.

ಮಗ್ಗಕ್ಕೆ ಏರಿಸುವ ಮುಂಚೆ ಅತ್ತೆ ಒಂದು ಕೆಂಪು ಎಳೆ, ಒಂದು ಬಿಳಿ ಎಳೆ ಹುರಿ ಹೊಸೆದು ಒಗೆಯುವ ಸೋಡಾ ಹಾಕಿದ ನೀರಲ್ಲಿ ಕುದಿಸಿದರು. ನಾನು ಪುಸ್ತಕದ ಪಂಡಿತರ ದನಿ ತೆಗೆದೆ: "ಅವಲೋಕಿಸಿರಿ! ಕೆಂಪು ವರ್ಣವು ಅಚಲ!"

"ಕೆಂಪ ಯಾಕ್ಲಾ ನೋಡ್ತೀಯ? ಬಿಳಿ ನೋಡು."

ಬಿಳಿ ಎಳೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಒಂದೇ ಕುದಿಗೆ!

ರಾಜಿಯ ಕಣ್ಣು ತುಂಬಿತು. ನಾನು ಮನೆಗೆ ಓಡಿ ಮೂರೂ ಪುಸ್ತಕ ಹರವಿದೆ. ಕಬ್ಬಿಣದ ಉಪ್ಪು ಸೇರಿಸಿದರೆ ಇದೇ ಬಣ್ಣ ಹಳದಿಯಾಗುತ್ತದಂತೆ! ನೇರಳೆಯಾಗುತ್ತದೆಂದು ನಮ್ಮ ಬೀದಿಯಲ್ಲಿ ಯಾರಿಗೆ ಗೊತ್ತಿಲ್ಲ? ಮೂರರಲ್ಲೂ ಅದೇ ತಪ್ಪು. ಅಂದರೆ ಒಬ್ಬ ಬರೆದದ್ದನ್ನು ಇಬ್ಬರು ಕಾಪಿ ಹೊಡೆದಿದ್ದಾರೆ. (ನನ್ನನ್ನೂ ಸೇರಿಸಿದರೆ ಮೂವರು.) ಯಾವ ನೀರಲ್ಲಿ ಅದ್ದಿದ್ದು ಎಂದು ಒಬ್ಬನೂ ಹೇಳಿಲ್ಲ.

ನೀರು! ಅತ್ತೆ ಯಾವಾಗಲೂ ಅದ್ದುವುದು ಬಾವಿಯ ಗಡಸು ನೀರಲ್ಲಿ. ಈ ಸಲ 'ಶುದ್ಧವಾಗಿರಲಿ' ಎಂದು ಮಳೆನೀರು ಹೊತ್ತು ಕೊಟ್ಟ ಜಾಣ ಯಾರು? ನಾನೇ. ಬಣ್ಣವೂ ಪಟಿಕದ ಲೋಹವೂ ಬಿಗಿಯಾಗಿ ಕೈಹಿಡಿಯಲು ಆ ಬಾವಿ ನೀರಿನ ಸುಣ್ಣವೂ ಬೇಕಿತ್ತೇ?

ಹೊಸ ನೂಲಿನ ಲಡಿ ತೆಗೆದೆವು. ಅದೇ ಪಟಿಕ, ಅದೇ ಬಣ್ಣ, ನೀರು ಮಾತ್ರ ಬಾವಿಯದು. ಒಣಗಿಸಿ, ಹುರಿ ಹೊಸೆದು, ಮತ್ತೆ ಕುದಿಸಿದೆವು. ಈ ಸಲ ನಾನು ಬಿಳಿ ಎಳೆಯನ್ನೇ ನೋಡುತ್ತಾ ಪಾತ್ರೆಯ ಮೇಲೆ ಬಗ್ಗಿ ನಿಂತೆ.

"ಅಮ್ಮಾ, ಇಂಗ ಪಾರು, ಇಲ್ನೋಡು! ಬಿಳೀಗೇ ಐತೆ!" ರಾಜಿ ಕೂಗಿದಳು.

ಲಡಿ ಮಗ್ಗದ ಕಡೆ ಹೋಯಿತು. ನಾನು ಅಂಗಳದಲ್ಲಿ ಕುಣಿದೆ. "ಈ ವಾರವೇ ಬರೀತೀನತ್ತೆ! ಬಾವಿ ನೀರಾದ್ರೆ ಎಂಟು ಕುದಿ ಗ್ಯಾರಂಟಿ!"

"ನೀ ಎಷ್ಟು ಕುದಿ ನೋಡ್ದೆ?"

"ಒಂದು."

"ಅಂಗಾರೆ ಒಂದು ಅಂತ್ಲೇ ಬರಿ, ಓಗ್ಲಾ."