ಗರಿಯ ಗುಡ್ಲು

ಶಾಲೆ ನಡೆಸುತ್ತಿದ್ದ ಕ್ರೈಸ್ತ ಸನ್ಯಾಸಿನಿ ಮದರ್ ನನಗೆ ಕೊಟ್ಟಿದ್ದ ಬಿರುದು ‘ಹಟಮಾರಿ’. ತಿಂಗಳಲ್ಲಿ ಮೂರು ದಿನ ಅದು ನಿಜವೂ ಆಗಿತ್ತು. ಹೊಟ್ಟೆ ಹಿಂಡಲು ಶುರುವಾದರೆ ಸಾಕು, ದೇವರಾಜ ಮೊಹಲ್ಲಾದ ಹತ್ತಿರವಿದ್ದ ಆ ಬೋರ್ಡಿಂಗ್ ಶಾಲೆಯ ಹಿತ್ತಲಿಗೆ ಓಡಿ, ಹುಣಸೆಮರದ ಕೆಳಗೆ ಕೂತುಬಿಡುತ್ತಿದ್ದೆ. ಮಾತಾಡಿಸಲು ಬಂದವರ ಮೇಲೆ ರೇಗುತ್ತಿದ್ದೆ. ಅವರು ಹೋದ ಮೇಲೆ ಅಳುತ್ತಿದ್ದೆ.

ಕಾರಣ ಯಾರಿಗೂ ಹೇಳಿರಲಿಲ್ಲ. ಕಾಡಿನೊಳಗಿನ ನಮ್ಮ ಹಾಡಿಯಲ್ಲಿ ಹುಡುಗಿ ಮೈನೆರೆದರೆ ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಕಟ್ಟಬೇಕು. ಅದರಲ್ಲಿ ಕೂತೆದ್ದವಳಿಗೆ ಮಾತ್ರ ಮುಟ್ಟಿನ ದಿನಗಳಲ್ಲಿ ಸೂರಿನಡಿ ಜಾಗ. ನಾನೋ ಮೈಸೂರಿನಲ್ಲಿ ಮೈನೆರೆದಿದ್ದೆ. ಮಾವ ಎರಡು ದಿನದ ಗಾಡಿ ದಾರಿಯಾಚೆ ಇದ್ದ. ಸುತ್ತ ಗೆಳತಿಯರು ಕೂತು ಹಾಡಬೇಕಾಗಿದ್ದ ನನಗೆ ಇರುವೆಗಳೇ ಗತಿ.

ಲೋಯರ್ ಸೆಕೆಂಡರಿ ಪರೀಕ್ಷೆಯ ಬೆಳಿಗ್ಗೆಯೇ ಮುಟ್ಟಾದೆ. ಅದು ಪಾಸಾದರೆ ಟೀಚರಾಗಬಹುದಿತ್ತು. ತಪ್ಪಿಸಿದರೆ ಗಂಟುಮೂಟೆ ಕಟ್ಟಬೇಕೆಂದು ಮದರ್ ಮೊದಲೇ ಹೇಳಿದ್ದರು. ಆದರೂ ಮರದಡಿ ಕೂತೆ.

ಅಡುಗೆಯ ಅಜ್ಜಿ ಬಂದು ಗದರಿದಾಗ ಎಲ್ಲ ಬಾಯಿಬಿಟ್ಟೆ. ಅವರು ಸರಸರನೆ ಒಳಗೆ ಹೋದರು, ಸ್ವಲ್ಪ ಹೊತ್ತಿಗೆ ಬಂದು ನನ್ನ ಕೈ ಹಿಡಿದೆಳೆದರು. ಹಿಂದಿನ ದಿನ ಅವರಿಗೆ ಗರಿಗಳ ಭಾನುವಾರ, ಚರ್ಚಿನಲ್ಲಿ ಆಶೀರ್ವದಿಸಿದ ಗರಿಗಳನ್ನು ಹಂಚುವ ಹಬ್ಬ. ಚರ್ಚಿನಿಂದ ತಂದ ಹಸಿರು ಗರಿಗಳನ್ನೆಲ್ಲ ಪರೀಕ್ಷೆ ನಡೆಯುವ ಜಗುಲಿಯಲ್ಲಿ, ಕೊನೆಯ ಬೆಂಚಿನ ಮೇಲೆ ಬಾಗುವಂತೆ ಕಿಟಕಿಯ ಸರಳಿಗೆ ಕಟ್ಟಿದ್ದರು.

“ಇವತ್ತು ನಾನೇ ನಿನ್ ಸೋದರ್ಮಾವ ಕಣಮ್ಮಿ. ಗುಡ್ಲು ಕಟ್ಬುಟ್ಟಿವ್ನಿ, ನುಗ್ಗು.”

“ದೇವರ ಗರಿ ಅಜ್ಜಿ. ನಾನು ಮುಟ್ಟಾಗಿವ್ನಿ.”

“ದೇವಮಾತೆ ಏನು ಗಂಡ್ಸಾ?”

ನುಗ್ಗಿ ಬೆಂಚಿನ ಮೇಲೆ ಕೂತೆ. ಮದರ್ ಬಂದರು. ಗರಿಯನ್ನು ನೋಡಿದರು, ಅಜ್ಜಿಯನ್ನು ನೋಡಿದರು. ನಾನು ಜಗಳಕ್ಕೆ ಸಿದ್ಧವಾದೆ. ಅವರು ಬಗ್ಗಿ, ಗರಿಯಡಿ ತಲೆ ತೂರಿಸಿ, ಪ್ರಶ್ನೆಪತ್ರಿಕೆಯನ್ನು ಕೈಗಿತ್ತು ಹೋದರು. ಆ ದಿನದ ಸಿಟ್ಟನ್ನೆಲ್ಲ ಗಣಿತದ ಮೇಲೆ ತೀರಿಸಿಕೊಂಡೆ, ಒಂದು ಪ್ರಶ್ನೆಯನ್ನೂ ಬಿಡಲಿಲ್ಲ.

ಪಾಸಾದೆ! ಹಾಡಿಗೆ ಹೋದಾಗ ಮಾವ ಸೊಪ್ಪು ಕಡಿಯಲು ಮಚ್ಚು ಹಿಡಿದು ನಿಂತಿದ್ದ. “ನನ್ ಗುಡ್ಲು ಆಗ್ಲೇ ಕಟ್ಟಾಯ್ತು ಮಾವ” ಎಂದು ಕಥೆ ಹೇಳಿದೆ. ಬಿದ್ದು ಬಿದ್ದು ನಕ್ಕ. ಗುಡ್ಲು ಕಟ್ಟಿದ ಮಾವನಿಗೆ ಹುಡುಗಿ ಜೇನು ಕೊಟ್ಟು ಕಾಲಿಗೆ ಬೀಳುವುದು ನಮ್ಮ ಪದ್ಧತಿ. ಮರುದಿನ ಅವನೇ ಮರ ಹತ್ತಿ ಅಜ್ಜಿಗೆಂದು ಜೇನು ಇಳಿಸಿಕೊಟ್ಟ.

ಶಾಲೆ ತೆರೆದ ದಿನ ಜೇನಿನ ಗಡಿಗೆಯನ್ನು ಒಲೆಯ ಪಕ್ಕ ಇಟ್ಟು, ಅಜ್ಜಿಯ ಕಾಲಿಗೆ ಬಿದ್ದೆ. ಅಂದೂ ನಾನು ಮುಟ್ಟಾಗಿದ್ದೆ. ಹುಣಸೆಮರದ ಕಡೆ ತಿರುಗಿಯೂ ನೋಡಲಿಲ್ಲ.