ಇಟಲಿಯಲ್ಲಿ ಬಿಟ್ಟು ಬಂದ ಅರ್ಧ ಗ್ಲಾಸು

ನನ್ನ ಅಪ್ಪನ ಅಕ್ಕ, ಅಂದರೆ ನನ್ನ ಸೋದರತ್ತೆ, ತಿಕೋಟಾದಲ್ಲಿ ದ್ರಾಕ್ಷಿ ಬೆಳೆಯುತ್ತಾಳೆ. ಗಂಡ ತೀರಿಕೊಂಡ ಮೇಲೆ ತೋಟದ ಎಲ್ಲ ಉಸಾಬರಿ ಅವಳದೇ. ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಬೆಳೆಗಾರರ ತಂಡವೊಂದು ಇಟಲಿಯ ದ್ರಾಕ್ಷಿ ತೋಟಗಳನ್ನು ನೋಡಲು ಹೊರಟಾಗ ಅತ್ತೆಯೂ ಹೆಸರು ಕೊಟ್ಟಳು. ಜೊತೆಗೆ ಬಬಲೇಶ್ವರದ ತನ್ನ ಗೆಳತಿಯನ್ನೂ ಎಳೆದುಕೊಂಡು ಹೋದಳು. ಇಬ್ಬರೂ ಒಂದೇ ಊರಲ್ಲಿ ಹುಟ್ಟಿ, ಒಂದೇ ಶಾಲೆಯಲ್ಲಿ ಕಲಿತು, ದ್ರಾಕ್ಷಿ ತೋಟದ ಮನೆಗಳಿಗೇ ಸೊಸೆಯರಾಗಿ ಬಂದವರು. ಬೆಳಗಿನ ಚಹಾ ಆದ ಮೇಲೆ ಫೋನಿನಲ್ಲಿ ಮಾತಾಡದಿದ್ದರೆ ಇಬ್ಬರಿಗೂ ಕೆಲಸಕ್ಕೆ ಕೈ ಹತ್ತುತ್ತಿರಲಿಲ್ಲ.

ಹೋಗುವಾಗ ಅಕ್ಕಪಕ್ಕದ ಸೀಟೇ ಬೇಕೆಂದು ಹಟ ಹಿಡಿದವರು, ಬಂದ ಮೇಲೆ ಒಂದೆರಡು ತಿಂಗಳಲ್ಲೇ ಮಾತು ಬಿಟ್ಟರು. ಯಾಕೆಂದು ನಮಗೆ ತಿಳಿದಿರಲಿಲ್ಲ. ತಿಕೋಟಾದಲ್ಲಿ ಮಾತ್ರ ಅತ್ತೆಯ ಬಗ್ಗೆ ಒಂದು ಸುದ್ದಿ ಓಡಾಡುತ್ತಿತ್ತು: ಭಜನಾ ಮಂಡಳದ ಹಿರಿಯಳು ಇಟಲಿಗೆ ಹೋಗಿ ದಾರೂ ಕುಡಿದು ಬಂದಿದ್ದಾಳೆ. ಯಾರೂ ಎದುರಿಗೆ ಏನೂ ಅನ್ನಲಿಲ್ಲ. ಆದರೆ ಒಂದು ಸೋಮವಾರ ಭಜನೆಗೆ ಕುಳಿತಾಗ, ಯಾವಾಗಲೂ ಅತ್ತೆಯ ಕೈಗೆ ಬರುತ್ತಿದ್ದ ತಾಳ ಬೇರೆಯವಳ ಕೈಗೆ ಹೋಯಿತು. ಅತ್ತೆ ಮುಗಿಯುವ ತನಕ ಚಪ್ಪಾಳೆ ತಟ್ಟಿ ಹಾಡಿ ಎದ್ದು ಬಂದಳು. ಮತ್ತೆ ಹೋಗಲಿಲ್ಲ.

ಆಮೇಲೆ ಒಂದು ಭಾನುವಾರ ಅವಳು ವಿಜಯಪುರಕ್ಕೆ, ಜೋರಾಪುರ ಪೇಟೆಯ ನಮ್ಮ ಮನೆಗೆ ಬಂದಳು. ಊಟವಾಗಿತ್ತು. ನನ್ನ ಗಂಡ ಒಳಗೆ ಮಲಗಿದ್ದರು.

"ಯವ್ವಾ, ಒಂದ ಮಾತ ಕೇಳ್ತೀನಿ. ನಗಬಾರ್ದು ನೋಡ," ಅಂದಳು. "ನೀ ಬ್ಯಾಂಕಿನ್ಯಾಗ ಇರಾಕಿ, ನಾಕ ಮಂದ್ಯಾಗ ಓಡಾಡಾಕಿ. ಕಿತ್ತಳಿ ಬಣ್ಣದ್ದು, ಗುಳ್ಳಿ ಏಳತಿರ್ತಾವ, ಸ್ವಲ್ಪ ಕಹಿ ಇರ್ತದ. ಅಂಥಾದೊಂದು ಮನ್ಯಾಗ ಮಾಡಾಕ ಬರ್ತದೇನ?"

ಆಗಲೇ ನನಗೆ ಪೂರ್ತಿ ಕತೆ ಗೊತ್ತಾದದ್ದು. ಅಲ್ಲಿ ಯಾವುದೋ ಊರಿನ ಚೌಕದಲ್ಲಿ ತಂಡದವರೆಲ್ಲ ಅಂಗಡಿ ನೋಡಲು ಹೋದಾಗ, ಕಾಲು ನೋಯುತ್ತವೆಂದು ಗೆಳತಿಯರಿಬ್ಬರೂ ಒಂದು ಹೋಟೆಲಿನ ಹೊರಗಿನ ಕುರ್ಚಿಗಳಲ್ಲಿ ಕುಳಿತರಂತೆ. ಪಕ್ಕದ ಟೇಬಲ್ಲಿನವರು ದೊಡ್ಡ ಗ್ಲಾಸಿನಲ್ಲಿ ಕಿತ್ತಳೆ ಬಣ್ಣದ್ದೇನನ್ನೋ ಕುಡಿಯುತ್ತಿದ್ದರು. ಶರಬತ್ತಿರಬೇಕೆಂದು ಇವರೂ ಬೆರಳು ತೋರಿಸಿ ಎರಡು ತರಿಸಿದರು. ಗೆಳತಿ ಬಿಸಿಲಿಗೆ ಬಾಯಾರಿದ್ದಳು, ಗಟಗಟ ಕುಡಿದು ಮುಗಿಸಿದಳು. ಅತ್ತೆ ರುಚಿ ಹಿಡಿದು ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು. ಅಷ್ಟರಲ್ಲಿ ತಂಡದ ಗೈಡ್ ಬಂದು, ಅದರಲ್ಲಿ ವೈನ್ ಇದೆ ಅಂದ. ಗೆಳತಿ ಕಣ್ಣೀರು ಬರುವಷ್ಟು ನಕ್ಕಳು. ಅತ್ತೆ ನಾಚಿಕೆಯಿಂದ ಅರ್ಧ ಗ್ಲಾಸನ್ನು ಅಲ್ಲೇ ಬಿಟ್ಟು ಎದ್ದಳು.

"ಊರಿಗೆ ಬಂದು ಆಕಿ ಅದನ್ನ ಮನ್ಯಾಗ ನಗಚಾಟಿಕಿಗೆ ಹೇಳ್ಯಾಳ. ನನ್ನ ಗ್ಲಾಸಿಂದು ಹೇಳ್ಯಾಳ, ತನ್ನ ಗ್ಲಾಸಿಂದು ಬಿಟ್ಟಾಳ. ಅಲ್ಲಿಂದ ಬಾಯಿಂದ ಬಾಯಿಗಿ ಬೆಳಕೋತ ಬಂತು."

"ನೀನರೆ ಖರೇ ಹೇಳಬೇಕಿಲ್ಲೇನ ಅತ್ತಿ?"

"ನಾ ಹೇಳಿದ್ರ ಆಕಿ ಮನ್ಯಾಗ ಆಕಿ ಮಾವ ಸುಮ್ನ ಬಿಡ್ತಿದ್ನೇನ ಬೇ? ನನಗ ಕೇಳವ್ರ ಯಾರದಾರ? ನಾ ತಡಕೋತೀನಿ ಅಂತ ಸುಮ್ನಾದೆ." ಮತ್ತೆ ಅವಳೇ, "ಆದ್ರ ಆ ಅರ್ಧಾ ಬಿಡಬಾರ್ದಿತ್ತವಾ. ಬೈಸ್ಕೊಳ್ಳೂದು ಹೆಂಗೂ ಪೂರ್ತಿ ಬೈಸ್ಕೊಂಡೆ," ಅಂದಳು.

ನಗಬಾರದೆಂದು ಮೊದಲೇ ಮಾತು ತೆಗೆದುಕೊಂಡಿದ್ದಳು. ಆದರೂ ಇಬ್ಬರೂ ನಕ್ಕೆವು. ಅವಳ ನಗು ಬೇಗ ನಿಂತುಹೋಯಿತು.

ಫೋನಿನಲ್ಲಿ ಹುಡುಕಿದೆ. ಅದಕ್ಕೆ ಬೇಕಾದದ್ದು ಕಹಿ ಕಿತ್ತಳೆಯ ಒಂದು ಮದ್ಯ, ನೊರೆ ಉಕ್ಕುವ ವೈನ್, ಸ್ವಲ್ಪ ಸೋಡಾ. ವೈನ್ ಅನ್ನು ನನ್ನ ಗಂಡ ಪೇಪರಿನಲ್ಲಿ ಸುತ್ತಿಸಿಕೊಂಡು ತಂದರು. ಕಹಿ ಕಿತ್ತಳೆಯ ಮದ್ಯ ಮಾತ್ರ ಊರಲ್ಲಿ ಎಲ್ಲೂ ಸಿಗಲಿಲ್ಲ. "ಕಂಚಿಕಾಯಿ ಐತೆಲ್ಲ," ಅಂದಳು ಅತ್ತೆ. ಪ್ರತಿ ವರ್ಷ ಅದರ ಉಪ್ಪಿನಕಾಯಿ ಹಾಕುವವಳು. ಕಂಚಿಕಾಯಿಯ ಸಿಪ್ಪೆಯನ್ನು ತೆಳ್ಳಗೆ ಹೆರೆದು, ಕಿತ್ತಳೆ ಸಿಪ್ಪೆ ಸೇರಿಸಿ, ಕಹಿಗೆ ಒಂದೆರಡು ಕಡ್ಡಿ ನೆಲಬೇವು ಹಾಕಿ, ವೋಡ್ಕಾದಲ್ಲಿ ನೆನೆಯಿಟ್ಟೆವು. ಅತ್ತೆ ಮುಂದಿನ ಸಲ ಬಂದಾಗ ಸೋಸಿ ಸಕ್ಕರೆ ಪಾಕ ಬೆರೆಸಿದೆವು. ಮೊದಲ ಸಲ ನೆಲಬೇವು ಹೆಚ್ಚಾಗಿ, ಜ್ವರಕ್ಕೆ ಕುಡಿಯುವ ಕಷಾಯದಂತಾಯಿತು. ಎರಡನೇ ಸಲ ಪಾಕ ಹೆಚ್ಚಾಯಿತು. ಬಣ್ಣವೂ ಮಣ್ಣಿನಂತೆ ಕಂದಾಗಿತ್ತು. ಅತ್ತೆ ಒಂದು ಗುಟುಕು ಕುಡಿದು, "ಇದಲ್ಲ" ಅನ್ನುತ್ತಿದ್ದಳು.

ಆಮೇಲೊಮ್ಮೆ ಒಂದು ತುಂಡು ಕ್ಯಾರೆಟನ್ನೂ ಒಂದು ಚೂರು ಬೀಟ್‌ರೂಟನ್ನೂ ಸಿಪ್ಪೆಯ ಜೊತೆ ನೆನೆಸಿದ್ದೆವು. ಬಣ್ಣ ಸಂಜೆಯ ಮುಗಿಲಿನಂತೆ ಬಂತು. ಶೋಕೇಸಿನ ದೊಡ್ಡ ಗ್ಲಾಸು ತೆಗೆದು ಐಸ್ ತುಂಬಿದೆ. ವೈನ್ ಬಾಟಲಿಯ ಬೂಚು ಫಟ್ಟೆಂದು ಹಾರಿದ್ದಕ್ಕೆ ಅತ್ತೆ ಬೆಚ್ಚಿ ಕಿಟಕಿ ಮುಚ್ಚಿದಳು. ಮೊದಲು ವೈನ್, ಮೇಲೆ ನಮ್ಮ ಕಂಚಿಕಾಯಿಯದು, ಕೊನೆಗೆ ಸೋಡಾ. ಗುಳ್ಳೆಗಳು ಸರಸರ ಮೇಲೇರಿದವು. ಒಂದು ಹೋಳು ಕಿತ್ತಳೆ ತೇಲಿಬಿಟ್ಟೆ.

ಅತ್ತೆ ಕುಡಿದಳು. ಇನ್ನೊಂದು ಗುಟುಕು ಕುಡಿದಳು.

"ಇದ ನೋಡ," ಅಂದಳು ಮೆಲ್ಲಗೆ.

ಈ ಸಲ ಗ್ಲಾಸು ಪೂರ್ತಿ ಖಾಲಿಯಾಯಿತು. ಅವಳ ಮುಖದಲ್ಲಿ ಖುಷಿ ಕಾಣಬಹುದೆಂದು ನಾನು ಕಾಯುತ್ತಿದ್ದೆ. ಆದರೆ ಅವಳು ಗ್ಲಾಸಿನೊಳಗಿನ ಐಸನ್ನು ತಿರುಗಿಸುತ್ತ, "ಅವತ್ತ ಆಕಿ ನಗಾಕತ್ತಿದ್ಲು. ಈಗ ಯಾರೂ ನಗಾವ್ರಿಲ್ಲ," ಅಂದಳು.

ಅಂದೇ ಅವಳಿಗೊಂದು ಯೋಚನೆ ಬಂತು. ಉಳಿದ ಕಿತ್ತಳೆ ಬಣ್ಣದ ರಸವನ್ನು ಒಂದು ಸಣ್ಣ ಬಾಟಲಿಗೆ ತುಂಬಿದಳು. ಗೆಳತಿಯ ಸೊಸೆ ವಾರಕ್ಕೊಮ್ಮೆ ಸಿದ್ಧೇಶ್ವರ ಗುಡಿಯ ಹತ್ತಿರದ ಪೇಟೆಗೆ ಬರುತ್ತಿದ್ದದ್ದು ನನಗೆ ಗೊತ್ತಿತ್ತು. ಅವಳ ಕೈಯಲ್ಲಿ ಕೊಡು, ಬೇರೆ ಏನೂ ಹೇಳಬೇಡ, ಬಣ್ಣ ನೋಡಿದರೆ ನನಗೆ ಸಿಟ್ಟಿಲ್ಲವೆಂದು ಗೆಳತಿಗೆ ತಿಳಿಯುತ್ತದೆ ಅಂದಳು ಅತ್ತೆ. ನಾನು ಹಾಗೆಯೇ ಕೊಟ್ಟೆ.

ಮುಂದಿನ ವಾರ ಅದೇ ಪೇಟೆಯಲ್ಲಿ ಆ ಸೊಸೆ ಬಾಟಲಿ ವಾಪಸು ತಂದಳು. ತೊಳೆದಿತ್ತು, ಖಾಲಿಯಿತ್ತು. ನಮ್ಮ ಕಡೆ ಬಂದ ಪಾತ್ರೆಯನ್ನು ಯಾರೂ ಬರಿದಾಗಿ ಕಳಿಸುವುದಿಲ್ಲ, ಏನಿಲ್ಲದಿದ್ದರೂ ಒಂದು ಚಿಟಿಕೆ ಸಕ್ಕರೆಯಾದರೂ ಹಾಕುತ್ತಾರೆ. ಹುಡುಗಿ ನೆಲ ನೋಡುತ್ತ ಹೇಳಿದಳು:

"ಅತ್ತ್ಯಾರು ಹೇಳಿ ಕಳಿಸ್ಯಾರ್ರಿ. ನಾ ಏನೂ ಮರತಿಲ್ಲ, ಹಿಂಗ ಹಂಗಿಸೂದ ಬ್ಯಾಡ ಅಂತ ಹೇಳು ಅಂದ್ರು. ಹೇಳಿ ರಾತ್ರಿ ಊಟಾನೂ ಮಾಡ್ಲಿಲ್ರಿ."

ಹಂಗಿಸಲು ಅಲ್ಲವೆಂದು ನಾನು ಎಷ್ಟು ಹೇಳಿದರೂ ಆ ಹುಡುಗಿಗೆ ಅದರ ತಲೆಬುಡ ತಿಳಿಯಲಿಲ್ಲ. ಅವಳ ಅತ್ತೆ ತಾನು ಪೂರ್ತಿ ಕುಡಿದದ್ದನ್ನು ಮನೆಯಲ್ಲಿ ಇನ್ನೂ ಮುಚ್ಚಿಟ್ಟಿದ್ದಳು. ಆ ಬಣ್ಣ ನೋಡಿ, ಎಲ್ಲ ಬಯಲು ಮಾಡುತ್ತೇನೆಂದು ನನ್ನ ಅತ್ತೆ ಹೆದರಿಸುತ್ತಿದ್ದಾಳೆ ಅಂದುಕೊಂಡಿದ್ದಳು.

ನನ್ನ ಅತ್ತೆಗೆ ಇದನ್ನು ಹೇಳಿದೆ. "ನಾನ ಹೋಗಿ ಆಕಿ ಮುಂದ ಕುಂತು ಕುಡೀಬೇಕಿತ್ತು. ಬಾಟ್ಲಿ ಕಳಿಸಿ ಕೆಡಿಸ್ಕೊಂಡೆ," ಅಂದಳು. ಫೋನ್ ಹಚ್ಚಿದಳು. ರಿಂಗಾಗಿ ರಿಂಗಾಗಿ ನಿಂತಿತು. ಆಮೇಲೆಯೂ ಕೆಲವು ಸಲ ಹಚ್ಚಿದಳು, ಆಕೆ ಎತ್ತಲಿಲ್ಲ. ಕಂಚಿಕಾಯಿ ಸಿಪ್ಪೆ ನೆನೆಸುವ ಮಾತನ್ನು ನಮ್ಮ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

ಈ ವರ್ಷ ವಿಜಯಪುರದಲ್ಲಿ ಒಂದು ಮದುವೆಯಲ್ಲಿ ಇಬ್ಬರೂ ಎದುರಾದರು. ಊಟದ ಸಾಲಿನಲ್ಲಿ ಅತ್ತೆ ನನ್ನ ಪಕ್ಕ ಕುಳಿತಿದ್ದಳು. ತನ್ನ ಆ ಕಡೆಯ ಕುರ್ಚಿಯ ಮೇಲೆ ಕೈಚೀಲ ಇಟ್ಟು ಜಾಗ ಹಿಡಿದಿದ್ದಳು. ಗೆಳತಿ ಬಂದಳು, ಚೀಲವನ್ನೂ ಅತ್ತೆಯನ್ನೂ ನೋಡಿದಳು. ಒಂದು ಕ್ಷಣ ಅವಳ ತುಟಿ ಅಲುಗಿದಂತೆ ನನಗೆ ಕಂಡಿತು. ಆಮೇಲೆ ಸೆರಗು ಸರಿಮಾಡಿಕೊಂಡು ಹಿಂದಿನ ಸಾಲಿಗೆ ಹೋದಳು.

ಹುಗ್ಗಿ ಬಡಿಸುವವನು ಖಾಲಿ ಕುರ್ಚಿಯ ಮುಂದೆ ನಿಂತು, "ಇಲ್ಲೆ ಯಾರರೆ ಬರೂರ ಅದಾರೇನ್ರಿ?" ಅಂದ.

"ಅದಾರ, ಬರ್ತಾರ. ನೀಡಪ್ಪಾ," ಅಂದಳು ಅತ್ತೆ.